‘ಬಿಹೇವಿಯರ್’ ಅಂದರೆ ಒಳ್ಳೆಯ ನಡತೆ ಅಂತ ಮಾತ್ರ ಅಲ್ಲ

ಶಾಲೆಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ‘ಮಾರ್ಕ್ಸ್ ಪರವಾಗಿಲ್ಲ, ಬಿಹೇವಿಯರ್ ಕಡೆ ಸ್ವಲ್ಪ ಗಮನ ಕೊಡಿ’ ಅಂತ ಟೀಚರ್ ಹೇಳಿದರೆ ಅಪ್ಪ ಅಮ್ಮನ ಮುಖ ಸಪ್ಪಗಾಗುತ್ತದೆ. ಮಗ ಏನೋ ತರಲೆ ಮಾಡಿದ್ದಾನೆ ಅಂತ ಲೆಕ್ಕ. ಅದೇ ಅಪ್ಪ ಮಾರನೇ ದಿನ ಆಫೀಸಿನಲ್ಲಿ ‘ಕಸ್ಟಮರ್ ಬಿಹೇವಿಯರ್’ ಅಂತ ಸ್ಲೈಡ್ ಹಾಕಿಕೊಂಡು ಅರ್ಧ ಗಂಟೆ ಮಾತಾಡುತ್ತಾರೆ. ಅಲ್ಲಿ ಯಾವ ಕಸ್ಟಮರೂ ತರಲೆ ಮಾಡಿರುವುದಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಟೆಸ್ಟರ್ ಬಗ್ ರಿಪೋರ್ಟಿನಲ್ಲಿ ‘ಎಕ್ಸ್‌ಪೆಕ್ಟೆಡ್ ಬಿಹೇವಿಯರ್’, ‘ಆ್ಯಕ್ಚುವಲ್ ಬಿಹೇವಿಯರ್’ ಅಂತ ಎರಡು ಸಾಲು ತುಂಬುತ್ತಿರುತ್ತಾರೆ. ಅಲ್ಲಂತೂ ಮನುಷ್ಯರೇ ಇಲ್ಲ. ಇನ್ನು ಕೋರ್ಟಿಗೆ ಹೋದರೆ ‘ಗುಡ್ ಬಿಹೇವಿಯರ್’ಗೆ ಬಾಂಡ್ ಬರೆಸಿಕೊಳ್ಳುತ್ತಾರೆ.

ಪದ ಒಂದೇ. ಆದರೆ ಒಂದು ಕಡೆ ಬೈಗುಳದ ಹಾಗೆ ಕೇಳಿಸುತ್ತದೆ, ಇನ್ನೊಂದು ಕಡೆ ಬರೀ ಮಾಹಿತಿ. ಕನ್ನಡದಲ್ಲಿ ಹೇಳುವಾಗ ನಡತೆ ಅನ್ನಬೇಕೋ, ವರ್ತನೆ ಅನ್ನಬೇಕೋ, ನಡವಳಿಕೆ ಅನ್ನಬೇಕೋ ಅಂತ ತಡವರಿಸುವುದು ಇದಕ್ಕೇ. ನನಗೆ ಕಂಡಂತೆ ಇದರ ಕೀಲಿ ಒಂದೇ. ಬಿಹೇವಿಯರ್ ಅನ್ನುವುದು ಮನಸ್ಸಿನೊಳಗೆ ಏನಿದೆ ಅಂತ ಹೇಳುವ ಪದವಲ್ಲ. ಹೊರಗೆ ನಿಂತು ನೋಡುವವರಿಗೆ ಏನು ಕಾಣುತ್ತದೆ ಅಂತ ಹೇಳುವ ಪದ. ಹಾಗಾಗಿ ನೋಡುತ್ತಿರುವವರು ಯಾರು, ಅವರ ಕೈಯಲ್ಲಿ ಅಳತೆಗೋಲು ಇದೆಯೋ ಇಲ್ಲವೋ, ಅದರ ಮೇಲೆ ಅರ್ಥ ಬದಲಾಗುತ್ತದೆ.

ಮೊದಲು ‘ಬಿಹೇವ್’ ನೋಡೋಣ. ಇದು ‘ಬಿ’ ಮತ್ತು ‘ಹ್ಯಾವ್’ ಸೇರಿ ಆದದ್ದು. ಹಳೆಯ ಇಂಗ್ಲಿಷಿನ ‘ಬಿ’ ಇಲ್ಲಿ ಒತ್ತು ಕೊಡುವ ಕೆಲಸ ಮಾಡುತ್ತದೆ. ‘ಹ್ಯಾವ್’ಗೆ ಹೊಂದು, ಹಿಡಿ ಅಂತ ಅರ್ಥ. ಅಂದರೆ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವುದು. 15ನೇ ಶತಮಾನದ ಇಂಗ್ಲಿಷಿನಲ್ಲಿ ಇದು ಬಳಕೆಗೆ ಬಂತು. ‘ಬಿಹೇವ್ ಯುವರ್‌ಸೆಲ್ಫ್’ ಅನ್ನುವಾಗ ಕೊನೆಯಲ್ಲಿ ಉಳಿದಿರುವ ‘ಯುವರ್‌ಸೆಲ್ಫ್’ ಆ ಹಳೆಯ ರಚನೆಯ ಗುರುತು. ನಮ್ಮ ‘ನಡೆದುಕೊ’ ಪದದಲ್ಲಿ ‘ಕೊ’ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ. ನಡೆ ಅಂದರೆ ಸುಮ್ನೆ ನಡೆಯುವುದು, ನಡೆದುಕೊ ಅಂದರೆ ತನ್ನನ್ನು ತಾನು ನಡೆಸಿಕೊಳ್ಳುವುದು.

ಇಲ್ಲಿ ಒಂದು ವ್ಯತ್ಯಾಸ ಇದೆ. ಕನ್ನಡದಲ್ಲಿ ಮಗುವಿಗೆ ಬರೀ ‘ನಡೆದುಕೊ’ ಅಂದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ‘ಸರಿಯಾಗಿ’ ಅಂತ ಸೇರಿಸಲೇಬೇಕು. ಇಂಗ್ಲಿಷಿನಲ್ಲಿ ಬರೀ ‘ಬಿಹೇವ್!’ ಅಂತ ಗದರಿಸಿದರೆ ಸಾಕು, ‘ಸರಿಯಾಗಿ’ ಅನ್ನುವುದು ಅದರೊಳಗೇ ಕೂತಿರುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿಂದ. ಗದರುವಾಗ ಅದಕ್ಕೆ ‘ಒಳ್ಳೆಯ ರೀತಿಯಲ್ಲಿ’ ಅನ್ನುವ ಅರ್ಥ ಅಂಟಿಕೊಂಡಿದೆ. ಬೇರೆ ಕಡೆ ಅಂಟಿಕೊಂಡಿಲ್ಲ. ‘ಹೌ ಡಿಡ್ ಹಿ ಬಿಹೇವ್?’ ಅಂತ ಕೇಳಿದರೆ ಅದು ಬರೀ ಪ್ರಶ್ನೆ. ಉತ್ತರ ಚೆನ್ನಾಗಿ ಅಂತಲೂ ಇರಬಹುದು, ವಿಚಿತ್ರವಾಗಿ ಅಂತಲೂ ಇರಬಹುದು. ನಮ್ಮಲ್ಲಿ ಹೆಚ್ಚಿನವರು ಈ ಪದವನ್ನು ಮೊದಲು ಕೇಳಿದ್ದು ಶಾಲೆಯಲ್ಲಿ, ಅದೂ ಬೈಸಿಕೊಳ್ಳುವಾಗ. ಹಾಗಾಗಿ ಗದರಿಕೆಯ ಅರ್ಥ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ.

ಉಚ್ಚಾರಣೆಯಲ್ಲೂ ಒಂದು ತಮಾಷೆ ಇದೆ. ‘ಹ್ಯಾವ್’ ಮತ್ತು ‘ಬಿಹೇವ್’ ಒಂದೇ ಬೇರಿನವು, ಬರೆಯುವ ಅಕ್ಷರಗಳೂ ಅವೇ. ಆದರೆ ಒಂದು ಗಿಡ್ಡ, ಇನ್ನೊಂದು ಉದ್ದ. ದಿನವಿಡೀ ಬಳಸಿ ಬಳಸಿ, ಒತ್ತಿಲ್ಲದೆ ಹೇಳಿ ಹೇಳಿ ‘ಹ್ಯಾವ್’ನ ಸ್ವರ ಸವೆದುಹೋಯಿತು. ಅಷ್ಟು ಬಳಕೆಯಿಲ್ಲದ ‘ಬಿಹೇವ್’ ಹಳೆಯ ಉದ್ದವನ್ನು ಉಳಿಸಿಕೊಂಡಿತು. ‘ಬಿಹೇವಿಯರ್’ ಹೇಳುವಾಗ ಒತ್ತು ‘ಹೇ’ ಮೇಲೆ ಬೀಳಬೇಕು, ಅಷ್ಟೇ.

ಸ್ಪೆಲ್ಲಿಂಗ್ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಬ್ರಿಟಿಷರ ಹಾಗೆ ನಾವೂ ಕೊನೆಯಲ್ಲಿ ಒ-ಯು-ಆರ್ ಬರೆಯುತ್ತೇವೆ. ಅಮೆರಿಕದವರು ‘ಯು’ ಬಿಟ್ಟು ಬರೀ ಒ-ಆರ್ ಬರೆಯುತ್ತಾರೆ. ‘ಬಿಹೇವ್’ನಲ್ಲಿ ಇಲ್ಲದ ಆ ‘ಯು’ ಬಂದದ್ದು ಫ್ರೆಂಚ್ ಕಡೆಯಿಂದ. ಆಸ್ತಿ, ಹೊಂದಿರುವುದು ಅನ್ನುವ ಅರ್ಥದ ಒಂದು ಹಳೆಯ ಫ್ರೆಂಚ್ ಪದ ಇಂಗ್ಲಿಷಿಗೆ ಬಂದು ‘ಹೇವರ್’ ಆಗಿತ್ತು. ಅದರ ಬಾಲವನ್ನು ನೋಡಿ ‘ಬಿಹೇವ್’ಗೂ ಅಂಥದ್ದೇ ಬಾಲ ಅಂಟಿಸಿದರು. ನೋವಾ ವೆಬ್‌ಸ್ಟರ್ 1828ರಲ್ಲಿ ತಂದ ನಿಘಂಟು ಇಂಥ ‘ಯು’ಗಳನ್ನೆಲ್ಲ ಕತ್ತರಿಸಿ ಹಾಕಿತು, ಅಮೆರಿಕದಲ್ಲಿ ಅದೇ ಗಟ್ಟಿಯಾಯಿತು. ಆದರೆ ಅಮೆರಿಕದ ಸಂವಿಧಾನ ಬರೆದದ್ದು ಅದಕ್ಕೂ ಮೊದಲು, 1787ರಲ್ಲಿ. ಅದರಲ್ಲಿ ನ್ಯಾಯಾಧೀಶರ ‘ಗುಡ್ ಬಿಹೇವಿಯರ್’ ಬಗ್ಗೆ ಬರುವ ಕಡೆ ‘ಯು’ ಹಾಗೇ ಕೂತಿದೆ! ಅಮೆರಿಕದ ಶಾಲೆಯ ಹುಡುಗ ಇವತ್ತು ಹಾಗೆ ಬರೆದರೆ ಟೀಚರ್ ಕೆಂಪು ಗೀಟು ಎಳೆಯಬಹುದು.

ನಮ್ಮಲ್ಲಿ ಪರೀಕ್ಷೆಗೆ ‘ಯು’ ಬೇಕು, ಕಂಪ್ಯೂಟರಿಗೆ ಬೇಡ. ವೆಬ್ ಪುಟದ ವಿನ್ಯಾಸಕ್ಕೆ ಬಳಸುವ ಸಿಎಸ್‌ಎಸ್‌ನಲ್ಲಿ ‘ಸ್ಕ್ರೋಲ್ ಬಿಹೇವಿಯರ್’ ಅಂತ ಒಂದು ಸೂಚನೆ ಇದೆ. ಅದನ್ನು ಅಮೆರಿಕದ ಸ್ಪೆಲ್ಲಿಂಗ್‌ನಲ್ಲೇ ಬರೆಯಬೇಕು. ಶಾಲೆಯಲ್ಲಿ ಕಲಿತ ಹಾಗೆ ‘ಯು’ ಸೇರಿಸಿದರೆ ಬ್ರೌಸರ್ ತಪ್ಪು ಅಂತಲೂ ಹೇಳುವುದಿಲ್ಲ. ಆ ಸಾಲನ್ನೇ ಕಡೆಗಣಿಸಿ ಸುಮ್ಮನೆ ಮುಂದೆ ಹೋಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೇ ತಲೆ ಕೆಡಿಸಿಕೊಂಡವರು ಕಡಿಮೆ ಇರಲಾರರು.

ಈಗ ವ್ಯಾಕರಣ. ಜಾಸ್ತಿ ಎಳೆಯುವುದಿಲ್ಲ, ಮೂರೇ ವಿಷಯ. ದಿನಬಳಕೆಯಲ್ಲಿ ಬಿಹೇವಿಯರ್ ಎಣಿಸಲಾಗದ ನಾಮಪದ, ನೀರು, ಸಕ್ಕರೆ, ಜ್ಞಾನದ ಹಾಗೆ. ಅದಕ್ಕೇ ‘ಎ ಗುಡ್ ಬಿಹೇವಿಯರ್’ ಅಂತ ಮುಂದೆ ‘ಎ’ ಹಾಕಬಾರದು. ಎರಡನೆಯದು, ‘ಹಿಸ್ ಬಿಹೇವ್ ಈಸ್ ನಾಟ್ ಗುಡ್’ ತಪ್ಪು. ಬಿಹೇವ್ ಕ್ರಿಯಾಪದ, ಅದನ್ನು ನಾಮಪದದ ಜಾಗದಲ್ಲಿ ಕೂರಿಸಲಾಗದು. ಕನ್ನಡದಲ್ಲಿ ‘ಅವನ ಬಿಹೇವ್ ಸರಿ ಇಲ್ಲ’, ‘ಚೆನ್ನಾಗಿ ಬಿಹೇವ್ ಮಾಡು’ ಅಂತ ಧಾರಾಳವಾಗಿ ಹೇಳುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ, ಯಾವ ಪದಕ್ಕಾದರೂ ‘ಮಾಡು’ ಅಂಟಿಸಿ ನಮ್ಮದಾಗಿಸಿಕೊಳ್ಳುವುದು ಕನ್ನಡದ ಗುಣ. ಅದನ್ನೇ ತಿರುಗಿಸಿ ಇಂಗ್ಲಿಷಿಗೆ ಒಯ್ದಾಗ ಮಾತ್ರ ಎಡವಟ್ಟಾಗುತ್ತದೆ. ಮೂರನೆಯದು ‘ವಿತ್’. ಇದಕ್ಕೆ ಸ್ವಲ್ಪ ನಿಂತು ನೋಡಬೇಕು.

‘ಅವರು ನನ್ನ ಜೊತೆ ಚೆನ್ನಾಗಿ ನಡೆದುಕೊಂಡರು’ ಅನ್ನುವುದು ಒಳ್ಳೆಯ ಕನ್ನಡ. ‘ಜೊತೆ’ ಇದೆಯಲ್ಲ, ಹಾಗಾಗಿ ಇಂಗ್ಲಿಷಿನಲ್ಲೂ ಬಿಹೇವ್ ಆದಮೇಲೆ ‘ವಿತ್’ ತಾನಾಗಿ ಬರುತ್ತದೆ. ಇಂಗ್ಲೆಂಡಿನವರು ‘ಟುವರ್ಡ್ಸ್’ ಅನ್ನುತ್ತಾರೆ. ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ಆದರೆ ‘ಮಿಸ್‌ಬಿಹೇವ್ಡ್ ವಿತ್’ ಅನ್ನುವ ಜೋಡಿ ಭಾರತದ ಇಂಗ್ಲಿಷಿನಲ್ಲಿ ಬೇರೆಯದೇ ಅರ್ಥ ಪಡೆದಿದೆ. ‘ಪ್ರಯಾಣಿಕನೊಬ್ಬ ಮಹಿಳೆಯ ಜೊತೆ ಮಿಸ್‌ಬಿಹೇವ್ ಮಾಡಿದ’ ಅಂತ ಸುದ್ದಿ ಬಂದರೆ ಇಲ್ಲಿನ ಓದುಗರಿಗೆ ಏನಾಗಿದೆ ಅಂತ ಅರ್ಥವಾಗುತ್ತದೆ. ಮುಟ್ಟಿದನೋ, ಕೆಟ್ಟದಾಗಿ ಮಾತಾಡಿದನೋ, ಅದಕ್ಕಿಂತ ಜಾಸ್ತಿಯೋ, ಒಟ್ಟಿನಲ್ಲಿ ಲೈಂಗಿಕ ಕಿರುಕುಳ. ಇಂಗ್ಲೆಂಡಿನವರು ಅದೇ ವಾಕ್ಯ ಓದಿದರೆ ಗಲಿಬಿಲಿಯಾಗುತ್ತಾರೆ. ಅವರ ಕಿವಿಗೆ ಮಿಸ್‌ಬಿಹೇವ್ ಮಾಡುವವರು ಮುಖ್ಯವಾಗಿ ಮಕ್ಕಳು. ಊಟದ ಟೇಬಲ್ಲಿನಲ್ಲಿ ಬಟಾಣಿ ಎಸೆದರು ಅನ್ನುವ ಮಟ್ಟದ್ದು.

ನನಗೆ ಈ ಬಳಕೆ ಇಷ್ಟವಿಲ್ಲ. ಇದು ತಪ್ಪು ಇಂಗ್ಲಿಷ್ ಅಂತ ಅಲ್ಲ. ಒಂದು ದೇಶದ ಇಂಗ್ಲಿಷ್ ತನ್ನದೇ ಅರ್ಥ ಬೆಳೆಸಿಕೊಂಡರೆ ಅದು ಸಹಜ. ತೊಂದರೆ ಏನೆಂದರೆ ಈ ಪದ ಅಪರಾಧವನ್ನು ಮಕ್ಕಳ ತುಂಟಾಟದ ಮಟ್ಟಕ್ಕೆ ಇಳಿಸುತ್ತದೆ. ಕನ್ನಡ ಪತ್ರಿಕೆಗಳ ‘ಅನುಚಿತ ವರ್ತನೆ’, ‘ಅಸಭ್ಯವಾಗಿ ವರ್ತಿಸಿದ’ ಕೂಡ ಅದೇ ಜಾತಿಯವು. ಏನು ನಡೆಯಿತು ಅನ್ನುವುದನ್ನು ಮುಚ್ಚಿ, ಮೇಲೊಂದು ಮರ್ಯಾದೆಯ ಬಟ್ಟೆ ಹೊದಿಸುತ್ತವೆ. ದೂರು ಬರೆಯುವವರಿಗೆ ನನ್ನ ಸಲಹೆ ಇಷ್ಟೇ: ‘ಮಿಸ್‌ಬಿಹೇವ್ ಮಾಡಿದರು’ ಅಂತ ಬರೆದು ಬಿಡಬೇಡಿ. ಏನು ಮಾಡಿದರು, ಏನು ಹೇಳಿದರು, ಅದನ್ನೇ ಬರೆಯಿರಿ.

ಕಾನೂನು ಈ ವಿಷಯದಲ್ಲಿ ಪತ್ರಿಕೆಗಳಿಗಿಂತ ಸ್ಪಷ್ಟವಾಗಿದೆ. 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ವ್ಯಾಖ್ಯೆ ಕೊಟ್ಟಿತು. ಅದರಲ್ಲಿ ‘ಬಿಹೇವಿಯರ್’ ಪದ ಇದೆ, ಅದರ ಹಿಂದೆ ‘ಅನ್‌ವೆಲ್‌ಕಮ್’ ಅನ್ನುವ ಪದವೂ ಇದೆ. 2013ರ ಕಾಯ್ದೆಯೂ ಅದನ್ನೇ ಮುಂದುವರಿಸಿ, ಯಾವ ಯಾವ ಕೃತ್ಯ ಅಂತ ಬಿಡಿಸಿ ಹೇಳಿತು: ಮೈ ಮುಟ್ಟುವುದು, ಲೈಂಗಿಕ ಬೇಡಿಕೆ, ಅಶ್ಲೀಲ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಹೀಗೆ. ‘ಅನ್‌ವೆಲ್‌ಕಮ್’ ಅಂದರೆ ಎದುರಿನವರಿಗೆ ಬೇಡವಾದದ್ದು. ‘ನಾನು ತಮಾಷೆಗೆ ಹೇಳಿದೆ’ ಅಂದರೆ ವಿಷಯ ಮುಗಿಯುವುದಿಲ್ಲ. ಬಿಹೇವಿಯರ್ ಅನ್ನು ಅಳೆಯುವವರು ಮಾಡಿದವರಲ್ಲ, ಅನುಭವಿಸಿದವರು. ಆಗಲೇ ಹೇಳಿದೆನಲ್ಲ, ಇದು ಹೊರಗಿನಿಂದ ನೋಡುವ ಪದ ಅಂತ. ಅದು ಇಲ್ಲಿ ನಿಜವಾಗಿ ಕೆಲಸಕ್ಕೆ ಬಂದಿದೆ.

ಇದೇ ಕಾರಣಕ್ಕೆ ‘ಆ್ಯಟಿಟ್ಯೂಡ್’ ಬೇರೆ, ಬಿಹೇವಿಯರ್ ಬೇರೆ. ಆ್ಯಟಿಟ್ಯೂಡ್ ಮನಸ್ಸಿನ ನಿಲುವು, ಅದನ್ನು ಊಹಿಸಬೇಕು. ಅಪ್ರೈಸಲ್‌ನಲ್ಲಿ ಮ್ಯಾನೇಜರ್ ‘ನಿಮ್ಮ ಆ್ಯಟಿಟ್ಯೂಡ್ ಸರಿ ಇಲ್ಲ’ ಅಂದರೆ ಉತ್ತರ ಕೊಡಲು ದಾರಿಯೇ ಇಲ್ಲ. ‘ಮೂರು ಮೀಟಿಂಗ್‌ನಲ್ಲಿ ಬೇರೆಯವರು ಮಾತಾಡುವಾಗ ಮಧ್ಯೆ ಬಾಯಿ ಹಾಕಿದ್ದೀರಿ’ ಅಂದರೆ ಅದು ಬಿಹೇವಿಯರ್. ಹೌದೋ ಅಲ್ಲವೋ ಅಂತ ಹೇಳಬಹುದು, ತಿದ್ದಿಕೊಳ್ಳಲೂಬಹುದು.

ಅಳತೆಗೋಲು ಇಲ್ಲದೆ ಬರೀ ನೋಡುವ ಬಿಹೇವಿಯರ್‌ಗೆ ಬರೋಣ. ವಿಜ್ಞಾನದಲ್ಲಿ ಈ ಪದ ಇರುವುದೇ ಹಾಗೆ. ಅಲ್ಲಿ ಒಳ್ಳೆಯದು ಕೆಟ್ಟದ್ದು ಅನ್ನುವ ಮಾತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಒಂದು ಜಾತಿಯ ಕಣಜದ ಹುಳುವಿನ ಬೆನ್ನು ಬಿದ್ದಿದ್ದರು. ಹೆಸರು ರೊಪಾಲಿಡಿಯಾ ಮಾರ್ಜಿನೇಟಾ. ಕಾಗದದಂಥ ತೆಳು ಗೂಡು ಕಟ್ಟುವ ಈ ಹುಳುಗಳು ಕಟ್ಟಡಗಳ ಸಂದಿಗೊಂದಿಯಲ್ಲೂ ಇರುತ್ತವೆ. ಕೆಲಸದ ರೀತಿ ಹೀಗೆ: ಪ್ರತಿ ಹುಳುವಿನ ಮೈಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆ ಇಡುತ್ತಾರೆ. ಆಮೇಲೆ ಗೂಡಿನ ಮುಂದೆ ಕೂತು ಯಾವ ಹುಳು ಏನು ಮಾಡುತ್ತಿದೆ ಅಂತ ಬರೆದುಕೊಳ್ಳುತ್ತಾ ಹೋಗುತ್ತಾರೆ. ಮೈ ಒರೆಸಿಕೊಳ್ಳುತ್ತಾ ಕೂತಿದೆ, ಮೀಸೆ ಎತ್ತಿ ಕೂತಿದೆ, ಮೀಸೆಯನ್ನೂ ರೆಕ್ಕೆಯನ್ನೂ ಎತ್ತಿ ಕೂತಿದೆ, ನಡೆದಾಡುತ್ತಿದೆ, ಗೂಡಿನಲ್ಲೇ ಇಲ್ಲ. ಇವೆಲ್ಲ ಒಂದೊಂದೂ ಬೇರೆ ಬೇರೆ ಬಿಹೇವಿಯರ್. ಇಲ್ಲಿ ‘ಬಿಹೇವಿಯರ್ಸ್’ ಅಂತ ಬಹುವಚನ ಹಾಕಿದರೆ ತಪ್ಪಲ್ಲ. ಎಣಿಸಲೆಂದೇ ನೋಡುತ್ತಿರುವಾಗ ಎಣಿಸಲಾಗದ ಪದ ಅನ್ನುವ ನಿಯಮ ಸಡಿಲವಾಗುತ್ತದೆ. ಮನಶ್ಶಾಸ್ತ್ರದವರು, ಪ್ರಾಣಿಶಾಸ್ತ್ರದವರು ಹೀಗೆ ಬರೆಯುವುದು ಇದಕ್ಕೇ.

ಹೀಗೆ ಎಣಿಸಿ ನೋಡಿದಾಗ ಗೂಡಿನಲ್ಲಿ ಮೂರು ಬಗೆಯ ಹುಳು ಕಂಡವು. ಹೆಚ್ಚು ಹೊತ್ತು ಕೂತೇ ಇರುವವು, ಜಗಳ ಕಾಯುವವು, ಹೊರಗೆ ಹೋಗಿ ಆಹಾರ ತರುವವು. ರಾಣಿ ಜಗಳಗಂಟಿಯೇ ಇರಬೇಕು ಅಲ್ವಾ? ಅಲ್ಲ. ಈ ಜಾತಿಯಲ್ಲಿ ರಾಣಿ ಸಾಧು, ಸುಮ್ಮನೆ ಕೂರುವ ಗುಂಪಿನದ್ದು. ಆದರೆ ಆ ರಾಣಿಯನ್ನು ಗೂಡಿನಿಂದ ತೆಗೆದುಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕೆಲಸದ ಹುಳುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಎಲ್ಲರ ಮೇಲೂ ಏರಿಹೋಗಲು ಶುರು ಮಾಡುತ್ತದೆ. ಕೆಲವು ದಿನಗಳಲ್ಲಿ ಅದೇ ಹೊಸ ರಾಣಿಯಾಗಿ ಮೊಟ್ಟೆ ಇಡುತ್ತದೆ, ಆಮೇಲೆ ಅದೂ ಸಾಧು. ಇದನ್ನು ‘ನಡತೆ’ ಅಂತ ಕರೆದರೆ ಎಷ್ಟು ವಿಚಿತ್ರ ನೋಡಿ. ಹುಳುವಿಗೆ ನಡತೆ ಕೆಟ್ಟಿತು ಅನ್ನಲು ಬರುವುದಿಲ್ಲ. ಇಲ್ಲಿ ‘ವರ್ತನೆ’ಯೇ ಸರಿ.

ಮನುಷ್ಯರನ್ನೂ ಹೀಗೇ ನೋಡಬೇಕು ಅಂತ ಹಠ ಹಿಡಿದವರು ಅಮೆರಿಕದ ಜಾನ್ ವಾಟ್ಸನ್. 1913ರಲ್ಲಿ ಅವರು ಬರೆದ ಒಂದು ಲೇಖನ ಮನಶ್ಶಾಸ್ತ್ರದ ದಿಕ್ಕನ್ನೇ ತಿರುಗಿಸಿತು. ಮನಸ್ಸಿನೊಳಗೆ ಇಣುಕುವುದನ್ನು ಬಿಡಿ, ಹೊರಗೆ ಕಾಣುವುದನ್ನು ಮಾತ್ರ ಅಳೆಯಿರಿ ಅನ್ನುವುದು ಅವರ ವಾದ. ಇದಕ್ಕೇ ಬಿಹೇವಿಯರಿಸಂ ಅಂತ ಹೆಸರು ಬಂತು. ಆಮೇಲೆ ಬಂದ ಸ್ಕಿನ್ನರ್ ಇಲಿ, ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಸನ್ನೆ ಒತ್ತಿದರೆ ಕಾಳು ಸಿಗುವ ಹಾಗೆ ಮಾಡಿ, ಬಹುಮಾನದಿಂದ ವರ್ತನೆ ಹೇಗೆ ಬದಲಾಗುತ್ತದೆ ಅಂತ ಅಳೆದರು. ಮನಸ್ಸನ್ನು ಪೂರ್ತಿ ಹೊರಗಿಟ್ಟದ್ದು ಅತಿಯಾಯಿತು ಅಂತ ಮುಂದಿನವರು ತಿದ್ದಿದರು. ಹೆಸರು ಮಾತ್ರ ಉಳಿಯಿತು. ‘ಬಿಹೇವಿಯರಲ್ ಎಕನಾಮಿಕ್ಸ್’ಗೆ 2017ರಲ್ಲಿ ರಿಚರ್ಡ್ ಥೇಲರ್ ಅವರಿಗೆ ನೊಬೆಲ್ ಬಂತಲ್ಲ, ಅಲ್ಲೂ ಪ್ರಶ್ನೆ ಅದೇ: ಜನ ದುಡ್ಡಿನ ವಿಷಯದಲ್ಲಿ ಏನು ಮಾಡಬೇಕು ಅನ್ನುವುದಲ್ಲ, ನಿಜವಾಗಿ ಏನು ಮಾಡುತ್ತಾರೆ ಅನ್ನುವುದು. ಅಪ್ಪ ಹಾಕಿದ ಕಸ್ಟಮರ್ ಬಿಹೇವಿಯರ್ ಸ್ಲೈಡಿನ ಮನೆತನ ಇದು.

ಜೀವವಿಲ್ಲದ್ದಕ್ಕೂ ಈ ಪದ ಸಲ್ಲುತ್ತದೆ. ಬಿಸಿಯಲ್ಲಿ ಉಕ್ಕಿನ ಬಿಹೇವಿಯರ್, ಭಾರದ ಕೆಳಗೆ ಮಣ್ಣಿನ ಬಿಹೇವಿಯರ್ ಅಂತ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ತುಂಬಾ ಸಿಗುತ್ತದೆ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ‘ಅನ್‌ಡಿಫೈನ್ಡ್ ಬಿಹೇವಿಯರ್’ ಅಂದರೆ ಒಂದು ಭಯ. ಕೆಲವು ಸಂದರ್ಭಗಳಲ್ಲಿ ಏನಾಗಬೇಕು ಅಂತ ಆ ಭಾಷೆಯ ನಿಯಮ ಹೇಳುವುದೇ ಇಲ್ಲ. ಚಿಹ್ನೆ ಇರುವ, ಅಂದರೆ ಪ್ಲಸ್ಸೂ ಮೈನಸ್ಸೂ ಆಗಬಲ್ಲ ಪೂರ್ಣಾಂಕ ತನ್ನ ಮಿತಿ ದಾಟಿದರೆ ಏನಾಗಬೇಕು? ನಿಯಮ ಮೌನ. ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬದಲಿಸುವುದು ಕಂಪೈಲರ್. ಒಂದು ಕಂಪೈಲರ್‌ನಲ್ಲಿ ಸರಿಯಾಗಿ ಓಡಿದ್ದು ಇನ್ನೊಂದರಲ್ಲಿ ಎಡವಟ್ಟು ಮಾಡಬಹುದು, ಎರಡನ್ನೂ ತಪ್ಪು ಅನ್ನುವ ಹಾಗಿಲ್ಲ. ಇದನ್ನು ಕನ್ನಡದಲ್ಲಿ ಹೇಳುವಾಗ ವರ್ತನೆಯನ್ನೂ ಬಿಟ್ಟುಬಿಡುವುದು ವಾಸಿ. ‘ಹೀಗಾದರೆ ಪ್ರೋಗ್ರಾಂ ಏನು ಮಾಡುತ್ತದೋ ಹೇಳಲಾಗದು’ ಅಂದರೆ ಮುಗಿಯಿತು.

ನಡತೆ ಪದವನ್ನು ಕಂಡಕಂಡಲ್ಲಿ ಹಾಕಬಾರದು ಅನ್ನಲು ಇನ್ನೊಂದು ಕಾರಣ ಇದೆ. ಕನ್ನಡದಲ್ಲಿ ಅದು ಬಹಳ ಭಾರದ ಪದ. ‘ನಡತೆ ಸರಿಯಿಲ್ಲ’ ಅಂದರೆ, ಅದರಲ್ಲೂ ಹೆಣ್ಣುಮಕ್ಕಳ ಬಗ್ಗೆ ಅಂದರೆ, ಅದು ಶೀಲದ ಮೇಲೆ ಹಾಕಿದ ಕಪ್ಪು. ‘ಪತ್ನಿಯ ನಡತೆ ಶಂಕಿಸಿ ಹಲ್ಲೆ’ ಅಂತ ಎಷ್ಟು ಸುದ್ದಿ ಓದಿದ್ದೇವೆ! ಹಾಗಿರುವಾಗ ಒಂದು ಸಮೀಕ್ಷೆಯ ಫಾರಂನಲ್ಲಿ ‘ಗ್ರಾಹಕರ ನಡತೆ’ ಅಂತ ಅನುವಾದ ಮಾಡಿ ಇಟ್ಟರೆ ಓದುವವರು ಹುಬ್ಬೇರಿಸುತ್ತಾರೆ. ಮನೆ, ಶಾಲೆಯ ಮಟ್ಟಿಗೆ ‘ನಡವಳಿಕೆ’ ಹಗುರ, ಬೈಯ್ಯಲೂ ಆಗುತ್ತದೆ, ಹೊಗಳಲೂ ಆಗುತ್ತದೆ.

ನಡತೆಗೆ ಸರಿಯಾದ ಇಂಗ್ಲಿಷ್ ಜೋಡಿ ‘ಕಂಡಕ್ಟ್’. ಲ್ಯಾಟಿನ್‌ನಲ್ಲಿ ಇದರ ಮೂಲಕ್ಕೆ ಒಟ್ಟಿಗೆ ಕರೆದೊಯ್ಯು, ನಡೆಸು ಅಂತ ಅರ್ಥ. ಬಸ್ಸಿನ ಕಂಡಕ್ಟರ್ ಕೂಡ ಅದೇ ಬೇರಿನವರು. ಬಿಹೇವಿಯರ್ ಹುಳುವಿಗೂ ಉಕ್ಕಿಗೂ ಎರಡು ವರ್ಷದ ಮಗುವಿಗೂ ಇರುತ್ತದೆ. ಈ ಅರ್ಥದ ಕಂಡಕ್ಟ್ ಇರುವುದು ಜವಾಬ್ದಾರಿ ಹೊತ್ತ ಮನುಷ್ಯರಿಗೆ ಮಾತ್ರ, ಅದರ ಹಿಂದೆ ಯಾವುದೋ ಒಂದು ನಿಯಮ ನಿಂತಿರುತ್ತದೆ. ಸರ್ಕಾರಿ ನೌಕರರಿಗೆ ಇರುವುದು ಕಂಡಕ್ಟ್ ರೂಲ್ಸ್. ನಮ್ಮ ರಾಜ್ಯದಲ್ಲಿ 1966ರ ನಡತೆ ನಿಯಮಗಳ ಜಾಗಕ್ಕೆ 2021ರಲ್ಲಿ ಹೊಸವು ಬಂದಿವೆ. ಮೀರಿದರೆ ದುರ್ನಡತೆ, ಇಲಾಖಾ ವಿಚಾರಣೆ. ಶಾಲೆಯ ಟಿಸಿಯಲ್ಲೂ ಇರುವುದು ಕಂಡಕ್ಟ್ ಕಾಲಂ. ಅದರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ‘ಉತ್ತಮ’ ಅಂತಲೇ ಬರುತ್ತದೆ, ಅದು ಬೇರೆ ಮಾತು. ಫುಟ್‌ಬಾಲ್ ನಿಯಮದಲ್ಲೂ ಎರಡೂ ಪದಗಳಿವೆ: ‘ಅನ್‌ಸ್ಪೋರ್ಟಿಂಗ್ ಬಿಹೇವಿಯರ್’ಗೆ ಹಳದಿ ಕಾರ್ಡು, ‘ವಯಲೆಂಟ್ ಕಂಡಕ್ಟ್’ಗೆ ಕೆಂಪು.

ಕಾನೂನಿನ ‘ಗುಡ್ ಬಿಹೇವಿಯರ್’ ಇದ್ದರಲ್ಲೇ ವಿಚಿತ್ರ. ಚುನಾವಣೆ, ಹಬ್ಬ ಹತ್ತಿರ ಬಂದಾಗ ರೌಡಿಶೀಟರ್‌ಗಳನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು ಅಂತ ಸುದ್ದಿ ಬರುತ್ತದೆ. ಅಪರಾಧವನ್ನೇ ರೂಢಿ ಮಾಡಿಕೊಂಡವರಿಂದ ಸದ್ವರ್ತನೆಗೆ ಬಾಂಡ್ ಪಡೆಯಲು ಹಳೆಯ ಸಿಆರ್‌ಪಿಸಿಯಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, 110ನೇ ಕಲಂ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 129ನೇ ಕಲಂ. ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರ ಮುಂದೆ ನಡೆಯುವ ಕೆಲಸ ಇದು, ತಾಲೂಕುಗಳಲ್ಲಿ ಸಾಮಾನ್ಯವಾಗಿ ತಹಶೀಲ್ದಾರರೇ ಆ ಕುರ್ಚಿಯಲ್ಲಿರುತ್ತಾರೆ. ಬಾಂಡಿನ ಅವಧಿ ಗರಿಷ್ಠ ಮೂರು ವರ್ಷ.

ಹಾಗಾದರೆ ಬಾಂಡ್ ಬರೆದುಕೊಟ್ಟವನು ‘ಸದ್ವರ್ತನೆ’ ತಪ್ಪಿದ ಅಂತ ಯಾವಾಗ ಹೇಳಬಹುದು? ಪಕ್ಕದ ಮನೆಯವರಿಗೆ ಬೈದರೆ? ಹಿರಿಯರಿಗೆ ಎದುರು ಮಾತಾಡಿದರೆ? ಅಷ್ಟಕ್ಕೇ ಅಲ್ಲ. ಸಿಆರ್‌ಪಿಸಿಯ 120ನೇ ಕಲಂ ಇದಕ್ಕೆ ಉತ್ತರ ಕೊಟ್ಟಿತ್ತು, ಹೊಸ ಕಾನೂನಿನಲ್ಲೂ ಅದೇ ಮಾತು ಮುಂದುವರಿದಿದೆ. ಜೈಲು ಶಿಕ್ಷೆ ಆಗಬಹುದಾದ ಅಪರಾಧವನ್ನು ಎಲ್ಲೇ ಮಾಡಲಿ, ಮಾಡಲು ಯತ್ನಿಸಲಿ, ಮಾಡಲು ಕುಮ್ಮಕ್ಕು ಕೊಡಲಿ, ಆಗ ಬಾಂಡ್ ಮುರಿದ ಹಾಗೆ. ಅಲ್ಲಿಯವರೆಗೆ ಅವನು ಎಷ್ಟೇ ಒರಟನಾದರೂ ಕಾನೂನಿನ ಕಣ್ಣಿಗೆ ಗುಡ್ ಬಿಹೇವಿಯರ್ ಇರುವವನೇ. ಟೀಚರ್ ಹೇಳುವ ಗುಡ್ ಬಿಹೇವಿಯರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಜೈಲಿನಿಂದ ‘ಸನ್ನಡತೆ ಆಧಾರದ ಮೇಲೆ ಬಿಡುಗಡೆ’ ಅನ್ನುವಾಗ ನೋಡುವುದು ಇನ್ನೂ ಬೇರೆ: ಒಳಗೆ ಜೈಲಿನ ನಿಯಮ ಪಾಲಿಸಿದರೋ, ಕೊಟ್ಟ ಕೆಲಸ ಮಾಡಿದರೋ ಅಂತ.

ನ್ಯಾಯಾಧೀಶರ ವಿಷಯಕ್ಕೆ ಬಂದರೆ ಪದ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ರಾಜನ ಮರ್ಜಿ ಇರುವಷ್ಟು ದಿನ ಮಾತ್ರ ನ್ಯಾಯಾಧೀಶರ ಕುರ್ಚಿ. 1701ರ ಆ್ಯಕ್ಟ್ ಆಫ್ ಸೆಟ್ಲ್‌ಮೆಂಟ್ ಅದನ್ನು ಬದಲಿಸಿ, ಸರಿಯಾಗಿ ನಡೆದುಕೊಳ್ಳುವಷ್ಟು ಕಾಲ ಅಂತ ಮಾಡಿತು. ಅಮೆರಿಕದ ಸಂವಿಧಾನದ ‘ಗುಡ್ ಬಿಹೇವಿಯರ್’ ಬಂದದ್ದು ಅಲ್ಲಿಂದಲೇ. ಅದರ ಬಲದಿಂದಲೇ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗೆ ನಿವೃತ್ತಿ ವಯಸ್ಸಿಲ್ಲ, ಜೀವಮಾನ ಪೂರ್ತಿ ಇರಬಹುದು. ನಡತೆಯ ಬಗ್ಗೆ ಇದ್ದ ಮಾತು ಅವಧಿಯ ಬಗ್ಗೆ ಇರುವ ಮಾತಾಯಿತು.

ನಮ್ಮ ಸಂವಿಧಾನ ನಿವೃತ್ತಿ ವಯಸ್ಸು ಇಟ್ಟಿದೆ, ಜೊತೆಗೆ ಈ ಪದವನ್ನು ತಿರುವಿ ಹಾಕಿದೆ. 124ನೇ ವಿಧಿಯ ನಾಲ್ಕನೇ ಖಂಡದ ಪ್ರಕಾರ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯಲು ಎರಡೇ ಕಾರಣ: ಅಸಾಮರ್ಥ್ಯ ಅಥವಾ ‘ಪ್ರೂವ್ಡ್ ಮಿಸ್‌ಬಿಹೇವಿಯರ್’, ಅಂದರೆ ಸಾಬೀತಾದ ದುರ್ವರ್ತನೆ. ಹೈಕೋರ್ಟಿಗೂ ಅದೇ. ಆದರೆ ಮಿಸ್‌ಬಿಹೇವಿಯರ್ ಅಂದರೆ ಏನು ಅಂತ ಆ ವಿಧಿ ಹೇಳುವುದಿಲ್ಲ. ಬೇಕಂತಲೇ ಬಿಟ್ಟಿದ್ದಾರೆ ಅನಿಸುತ್ತದೆ, ಪಟ್ಟಿ ಮಾಡಿದರೆ ಪಟ್ಟಿಯ ಹೊರಗಿನದ್ದೆಲ್ಲ ತಪ್ಪಿಸಿಕೊಳ್ಳುತ್ತದೆ. ಸಿ ಭಾಷೆಯಲ್ಲಿ ನಿಯಮ ಮೌನವಾದಾಗ ಕಂಪೈಲರ್ ತೀರ್ಮಾನಿಸುತ್ತದೆ. ಇಲ್ಲಿ ಮೂವರ ವಿಚಾರಣಾ ಸಮಿತಿ ಮೊದಲು ನೋಡುತ್ತದೆ, ಆಮೇಲೆ ಸಂಸತ್ತು. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತವೂ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗವೂ ಬೇಕು.

ಇದು ಎಷ್ಟು ಕಷ್ಟ ಅಂತ 1993ರಲ್ಲಿ ಗೊತ್ತಾಯಿತು. ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಲ್ಲಿದ್ದಾಗ ಸರ್ಕಾರಿ ಮನೆಗೆ ಮಾಡಿದ ಖರ್ಚಿನ ಬಗ್ಗೆ ಆರೋಪ ಬಂತು. ಸಮಿತಿ ಹಲವು ಆರೋಪ ಸಾಬೀತಾಗಿವೆ ಅಂದಿತು. ಲೋಕಸಭೆಯಲ್ಲಿ ನಿರ್ಣಯದ ಪರ 196 ಮತ ಬಿತ್ತು, ವಿರುದ್ಧ ಒಂದೂ ಇಲ್ಲ. ಆದರೂ ಬಿದ್ದುಹೋಯಿತು, ಯಾಕೆಂದರೆ 205 ಮಂದಿ ಮತ ಹಾಕದೆ ಕೂತಿದ್ದರು. ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ಅವರ ಪ್ರಕರಣ 2011ರದ್ದು. ಅದರಲ್ಲಿ ಆರೋಪ ಅವರು ಇನ್ನೂ ವಕೀಲರಾಗಿದ್ದಾಗ ರಿಸೀವರ್ ಆಗಿ, ಅಂದರೆ ವ್ಯಾಜ್ಯದ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದವರಾಗಿ, ಇಟ್ಟುಕೊಂಡಿದ್ದ ಹಣಕ್ಕೂ ಸಂಬಂಧಿಸಿತ್ತು. ಆಗಿನದ್ದನ್ನೂ ರಾಜ್ಯಸಭೆ ಮಿಸ್‌ಬಿಹೇವಿಯರ್ ಅಂತಲೇ ಒಪ್ಪಿ ನಿರ್ಣಯ ಪಾಸು ಮಾಡಿತು. ಲೋಕಸಭೆಗೆ ಬರುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಈ ನಡುವೆ 1995ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಾಬೀತಾದ ಮಿಸ್‌ಬಿಹೇವಿಯರ್‌ಗೂ ಹುದ್ದೆಗೆ ತಕ್ಕದ್ದಲ್ಲದ ಕಂಡಕ್ಟ್‌ಗೂ ನಡುವೆ ದೊಡ್ಡ ಕಂದಕವೇ ಇದೆ ಅಂತ ಗುರುತಿಸಿತು. ಆ ಕಂದಕದಲ್ಲಿ ಬೀಳುವ ಪ್ರಕರಣಗಳಿಗೆ ನ್ಯಾಯಾಂಗವೇ ತನ್ನೊಳಗೆ ವಿಚಾರಣೆಯ ದಾರಿ ಮಾಡಿಕೊಂಡಿದೆ.

ಸಂವಿಧಾನ ಈ ಪದಕ್ಕೆ ಒಂದು ಕಡೆ ಮಾತ್ರ ಬಾಯಿ ಬಿಟ್ಟು ಅರ್ಥ ಹೇಳಿದೆ. ಅದು ಲೋಕಸೇವಾ ಆಯೋಗಗಳ ಬಗ್ಗೆ ಇರುವ 317ನೇ ವಿಧಿ, ನಮ್ಮ ಕೆಪಿಎಸ್‌ಸಿಗೂ ಅದೇ ಅನ್ವಯ. ಆಯೋಗದ ಅಧ್ಯಕ್ಷರಿಗೋ ಸದಸ್ಯರಿಗೋ ಸರ್ಕಾರದ ಯಾವುದೇ ಗುತ್ತಿಗೆಯಲ್ಲಿ ಪಾಲು ಇದ್ದರೆ, ಲಾಭ ಬರುತ್ತಿದ್ದರೆ, ಅದನ್ನೇ ಮಿಸ್‌ಬಿಹೇವಿಯರ್ ಅಂತ ಭಾವಿಸಬೇಕು. ಯಾವುದೋ ಕಂಪನಿಯಲ್ಲಿ ಎಲ್ಲರ ಹಾಗೆ ಷೇರು ಇಟ್ಟುಕೊಂಡಿದ್ದರೆ ಅದಕ್ಕೆ ವಿನಾಯಿತಿ ಇದೆ.